ತಾರಸಿಯ ಬಿಸಿಲಿನಲ್ಲಿ ಹಸಿ ಮರ ಸೀಳುವುದೇಕೆ?

ಪ್ರಶ್ನೆ: ನಮ್ಮದು ರಾಜಾಜಿನಗರ. ಏಪ್ರಿಲ್ ಕೊನೆಯ ಗಾಳಿಮಳೆಗೆ ರಸ್ತೆಯ ಮಳೆಮರದ ದೊಡ್ಡ ಕೊಂಬೆ ಮುರಿದು ಬಿತ್ತು. ಕತ್ತರಿಸಿ ಸಾಗಿಸಲು ಬಂದಿದ್ದ ಪಾಲಿಕೆಯವರನ್ನು ಕೇಳಿಕೊಂಡು ಒಂದು ಅಡಿ ದಪ್ಪದ ಎರಡು ದಿಮ್ಮಿ ಇಟ್ಟುಕೊಂಡೆ. ಹಿತ್ತಿಲಿನ ಮಾವಿನ ಕೊಂಬೆಯ ತುಂಡುಗಳೂ ಇವೆ. ಎಲ್ಲವನ್ನೂ ತಾರಸಿಯಲ್ಲಿ ಒಳ್ಳೆಯ ಬಿಸಿಲಿಗೆ ಇಟ್ಟೆ. ಹತ್ತೇ ದಿನಕ್ಕೆ ಎರಡೂ ತುದಿಗಳಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದೆ. ಮರವನ್ನು ತಿರುಗಿಸಿ ಕಡೆಯುವ ಚಿಕ್ಕ ಲೇತ್ ಒಂದನ್ನು ಕೊಂಡಿದ್ದೇನೆ. ಬಟ್ಟಲು ಕಡೆಯಬೇಕು, ಸ್ವಲ್ಪ ಕೆತ್ತನೆಯನ್ನೂ ಕಲಿಯಬೇಕು ಎಂಬ ಆಸೆ. ಮರವನ್ನು ಮನೆಯಲ್ಲೇ ಒಣಗಿಸುವುದು ಹೇಗೆ? ಎಷ್ಟು ಕಾಲ ಬೇಕು? ಓವನ್‌ನಲ್ಲಿ ಇಡಬಹುದೇ? ತೇವ ಅಳೆಯುವ ಮೀಟರ್ ಕೊಳ್ಳಲೇಬೇಕೇ?

ಉತ್ತರ: ಮೊದಲು ದಿಮ್ಮಿಗಳನ್ನು ತಾರಸಿಯಿಂದ ಇಳಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆದೀತು. ಮೆಟ್ಟಿಲ ಕೆಳಗೋ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ, ಬಿಸಿಲೂ ಬೀಸುಗಾಳಿಯೂ ನೇರ ತಾಗದ ಕಡೆ ಎರಡೆರಡು ಇಟ್ಟಿಗೆಯ ಮೇಲಿಟ್ಟು, ತುದಿಗಳಿಗೆ ಒದ್ದೆ ಗೋಣಿಚೀಲ ಹೊದಿಸಿ. ಇವತ್ತಿಗೆ ಇಷ್ಟು ಮಾಡಿದರೆ ಬಿರುಕು ಇನ್ನೂ ಒಳಕ್ಕೆ ಓಡುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲವನ್ನೂ ತಾರಸಿಯಲ್ಲಿ ಹರವಿ ಒಣಗಿಸಿ ರೂಢಿಯಾದವರು ನಾವು. ಮರವನ್ನೂ ಹಾಗೇ ಒಣಗಿಸಬಹುದು ಅಂತ ಅನ್ನಿಸುವುದು ಸಹಜ. ಆದರೆ ಹಪ್ಪಳ ತೆಳ್ಳಗಿರುತ್ತದೆ, ಒಳಗೂ ಹೊರಗೂ ಒಟ್ಟಿಗೇ ಒಣಗುತ್ತದೆ. ಅಡಿ ದಪ್ಪದ ದಿಮ್ಮಿಯ ಹೊರಮೈ ಎರಡು ದಿನದ ಬಿಸಿಲಿಗೆ ಒಣಗಿ ಬಿಗಿದುಕೊಂಡರೂ ಹೊಟ್ಟೆಯೊಳಗೆ ನೀರು ಹಾಗೇ ಇರುತ್ತದೆ. ಕುಗ್ಗಲು ಹೊರಟ ಹೊರಮೈಗೆ ಕುಗ್ಗದ ಹೊಟ್ಟೆ ಅಡ್ಡ ನಿಂತರೆ ಹೊರಮೈ ಸೀಳದೆ ಇನ್ನೇನು ಮಾಡೀತು? ಮನೆಯಲ್ಲಿ ಮರ ಒಣಗಿಸುವ ಕೆಲಸವೆಲ್ಲ ಇದೊಂದನ್ನು ತಡೆಯುವುದರಲ್ಲೇ ಇದೆ: ಹೊರಮೈ ಒಳಗಿಗಿಂತ ತೀರಾ ಮುಂದೆ ಓಡಬಾರದು.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೊಳವೆಯಂತಿರುವ ಜೀವಕೋಶಗಳ ಪೊಳ್ಳಿನಲ್ಲಿ ತುಂಬಿರುವುದು ಒಂದು, ಆ ಕೊಳವೆಗಳ ಗೋಡೆಯಲ್ಲೇ ಹೀರಿಕೊಂಡಿರುವುದು ಇನ್ನೊಂದು. ಹಗುರ ಜಾತಿಯ ಮರಗಳಲ್ಲಿ ಎರಡೂ ಸೇರಿ ಮರದ ಒಣ ತೂಕಕ್ಕಿಂತ ನೀರಿನ ತೂಕವೇ ಹೆಚ್ಚಾಗಿರುವುದುಂಟು. ಮೊದಲು ಹೋಗುವುದು ಪೊಳ್ಳಿನ ನೀರು. ಅದು ಹೋಗುವಾಗ ಮರ ಹಗುರವಾಗುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ, ಅಂದರೆ ಮರದ ಒಣ ತೂಕಕ್ಕೆ ಹೋಲಿಸಿದ ನೀರಿನ ತೂಕ, ಶೇ. 28-30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಕುಗ್ಗುವಿಕೆ ಶುರುವಾಗುವುದು ಆಗಲೇ. ಅದೂ ಎಲ್ಲ ದಿಕ್ಕಿಗೂ ಸಮವಾಗಿ ಆಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ನಟ್ಟನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಸುತ್ತಿನ ಉದ್ದಕ್ಕೆ ಸುಮಾರು ಅದರ ಎರಡು ಪಟ್ಟು ಕುಗ್ಗುತ್ತದೆ. ತೇಗದಲ್ಲಿ ಹಸಿಯಿಂದ ಪೂರ್ತಿ ಒಣಗುವವರೆಗೆ ಇವು ಸರಿಸುಮಾರು ಶೇ. 2.6 ಮತ್ತು 5.3. ಹಾಗಾಗಿ ನಡುವೆ ತಿರುಳು ಉಳಿಸಿಕೊಂಡ ಉರುಟು ದಿಮ್ಮಿ ಎಷ್ಟೇ ಜೋಪಾನ ಮಾಡಿದರೂ ಒಂದಲ್ಲ ಒಂದು ಕಡೆ ಸೀಳಲೇಬೇಕು. ಸುತ್ತಳತೆ ಹೆಚ್ಚು ಕುಗ್ಗಿ ಒಳಗಿನದು ಕಡಿಮೆ ಕುಗ್ಗಿದರೆ ಕೊರತೆ ತುಂಬಲು ಎಲ್ಲಾದರೂ ಬಾಯಿ ಬಿಡಲೇಬೇಕಲ್ಲ. ನಿಮ್ಮ ನಕ್ಷತ್ರದ ಬಿರುಕು ಇದೇ.

ಇನ್ನು ನಮ್ಮ ಊರಿನ ಗಾಳಿಯ ವಿಷಯ. ಮರ ಎಷ್ಟು ಒಣಗಬಹುದು ಅನ್ನುವುದು ಸುತ್ತಲ ಗಾಳಿಯ ತೇವದ ಮೇಲೆ ನಿಂತಿದೆ. ಗಾಳಿಯ ಆರ್ದ್ರತೆ ಶೇ. 65 ಇದ್ದರೆ ಮರದ ತೇವಾಂಶ ಸುಮಾರು ಶೇ. 12ರಲ್ಲಿ ನಿಲ್ಲುತ್ತದೆ, 80 ಇದ್ದರೆ 16ರಲ್ಲಿ, 40ಕ್ಕೆ ಇಳಿದರೆ ಏಳೆಂಟರಲ್ಲಿ. ಬೆಂಗಳೂರಿನಲ್ಲಿ ಮುಂಗಾರಿನ ದಿನಗಳು 80ರ ಆಸುಪಾಸಿನವು. ಫೆಬ್ರವರಿ-ಮಾರ್ಚ್‌ನ ಮಧ್ಯಾಹ್ನ ಅದೇ ಗಾಳಿ 30ರ ಆಸುಪಾಸಿಗೆ ಬರುತ್ತದೆ. ತುಟಿ ಒಡೆಯುವ, ಬಟ್ಟೆ ಗಂಟೆಯೊಳಗೆ ಒಣಗುವ ಆ ದಿನಗಳೇ ಹಸಿ ಮರದ ಶತ್ರು. ಮಳೆಗಾಲದಲ್ಲಿ ಮರ ಒಣಗುವುದಿಲ್ಲ, ಬೇಸಿಗೆ ಬರಲಿ ಅಂತ ಕಾಯುವವರನ್ನು ಬಹಳ ನೋಡಿದ್ದೇನೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಹಸಿ ಮರವನ್ನು ಮುಂಗಾರಿನಲ್ಲಿ ಒಣಗಲು ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಧಾನವಾಗಿ ಅದರ ಪೊಳ್ಳಿನ ನೀರೂ ಗೋಡೆಯ ನೀರಿನಲ್ಲಿ ಒಂದಷ್ಟೂ ಹೋಗಲಿ. ತೇವಾಂಶದ ಕೊನೆಯ ಶೇ. ನಾಲ್ಕೈದನ್ನು ಸಂಕ್ರಾಂತಿಯ ಮುಂದಿನ ಒಣಗಾಳಿ ನೋಡಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮರ ಸೀಳುವ ಹಂತ ದಾಟಿರುತ್ತದೆ. ಇನ್ನೇನು ಮುಂಗಾರು ಬರುತ್ತಿದೆ, ನಿಮ್ಮ ಹೊತ್ತು ಸರಿಯಾಗಿಯೇ ಇದೆ.

ಈಗ ನಿಮ್ಮ ಮಳೆಮರಕ್ಕೆ ಬರೋಣ. ಸಂಜೆಯಾದರೆ ಎಲೆ ಮುದುಡಿಕೊಳ್ಳುವ ಈ ಮರ ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ನಮ್ಮ ಹಳೆಯ ರಸ್ತೆಗಳಿಗೆ ಚಪ್ಪರ ಹಾಕಿದ್ದು ಇದೇ. ಕಡೆಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮರ ಸಿಗಲಾರದು. ಇದು ಕುಗ್ಗುವುದೇ ಕಡಿಮೆ, ಮೇಲೆ ಹೇಳಿದ ಎರಡು ದಿಕ್ಕಿನಲ್ಲಿ ಶೇ. 2 ಮತ್ತು 3.4ರಷ್ಟು. ಹವಾಯಿಯಲ್ಲಿ ಇದರ ಬಟ್ಟಲುಗಳನ್ನು ಹಸಿ ಮರದಿಂದಲೇ ಮಾಡುತ್ತಾ ಬಂದಿರುವುದೂ ಇದಕ್ಕೇ. ಒಳಗಿನ ಚೇಗು ಚಾಕೊಲೇಟ್ ಬಣ್ಣ, ಹೊರಗಿನ ಬಿಳಿ ಭಾಗ ಬೆಣ್ಣೆ ಬಣ್ಣ. ಎರಡೂ ಸೇರುವ ಗೆರೆ ಬಟ್ಟಲಿನ ಅಂಚಿಗೆ ಬರುವಂತೆ ಕಡೆದರೆ ಅದರ ಚೆಂದವೇ ಬೇರೆ. ಒಣಗಿದ ಮೇಲೆ ಉಜ್ಜುವಾಗ ಇದರ ಧೂಳು ಮೂಗಿಗೆ ಖಾರದ ಪುಡಿಯ ಹಾಗೆ ಹತ್ತುತ್ತದೆ, ಮಾಸ್ಕ್ ಇಲ್ಲದೆ ಕೂರಬೇಡಿ.

ಬಿರುಕು ಬಿಟ್ಟ ತುದಿಯನ್ನು ಕೊಯ್ದು ಹಾಕಬೇಕು. ಎಲ್ಲಿಯವರೆಗೆ? ಕಣ್ಣಿಗೆ ಕಾಣುವ ಬಿರುಕು ಮುಗಿದ ಕಡೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ, ಕೂದಲೆಳೆಯಂಥ ಸೀಳು ಇನ್ನೂ ಒಂದೆರಡು ಇಂಚು ಒಳಗೆ ಹೋಗಿರುತ್ತದೆ. ನಾನು ಮಾಡುವುದು ಹೀಗೆ: ತುದಿಯಿಂದ ಎರಡು ಇಂಚು ಕೊಯ್ದು ತೆಗೆದ ಮೇಲೆ ಕಾಲು ಇಂಚಿನ ಒಂದು ತೆಳು ಬಿಲ್ಲೆ ಕೊಯ್ಯುತ್ತೇನೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಪ್ಪಳ ಮುರಿಯುವ ಹಾಗೆ ಮೆಲ್ಲಗೆ ಬಾಗಿಸಿ, ಸ್ವಲ್ಪ ತಿರುಗಿಸಿ ಮತ್ತೆ ಬಾಗಿಸಿ ನೋಡುತ್ತೇನೆ. ಒಳಗೆ ಸೀಳಿದ್ದರೆ ಅದರ ನೇರಕ್ಕೇ ಪಟ್ಟನೆ ಬಾಯಿ ಬಿಡುತ್ತದೆ. ಬಿಡಲಿಲ್ಲವೆಂದರೆ ಅಲ್ಲಿಂದಾಚೆ ಮರ ಗಟ್ಟಿ. ಮೂರು ಬಿಲ್ಲೆ ಕೊಯ್ದರೂ ಸೀಳು ಮುಗಿಯದಿದ್ದರೆ ಆ ತುಂಡಿನಲ್ಲಿ ಬಟ್ಟಲಿನ ಆಸೆ ಬಿಡಬೇಕು. ಸೀಳಿನ ನೇರಕ್ಕೇ ಕೊಡಲಿಯಿಂದ ಸೀಳಿ ಸೌಟಿಗೋ ಬುಗುರಿಗೋ ಇಟ್ಟುಕೊಳ್ಳಿ. ಬಿರುಕಿದ್ದ ತುಂಡನ್ನು ಅಂಟು ಹಾಕಿ ಲೇತ್‌ಗೆ ಏರಿಸುವ ಸಾಹಸ ಮಾತ್ರ ಬೇಡ. ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಎರಡು ಹೋಳಾದರೆ ಅದು ಬರುವುದು ನಿಮ್ಮ ಮುಖಕ್ಕೆ. ಮುಖಕ್ಕೆ ಪೂರ್ತಿ ಕವಚ ಹಾಕದೆ ಮರ ಕಡೆಯಲು ನಿಲ್ಲಬೇಡಿ.

ತುದಿ ಸರಿಯಾದ ಮೇಲೆ ದಿಮ್ಮಿಯನ್ನು ತಿರುಳಿನ ಮೇಲೇ ಉದ್ದಕ್ಕೆ ಸೀಳಿಸಿ. ಹತ್ತಿರದ ಸಾಮಿಲ್‌ನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ತಿರುಳಿನ ಎರಡೂ ಪಕ್ಕ ಮುಕ್ಕಾಲು ಇಂಚು ತೆಗೆದುಹಾಕಿಸಿ, ತಿರುಳು ಪೂರ್ತಿ ಹೋಗಬೇಕು. ಈಗ ನಿಮ್ಮ ಕೈಯಲ್ಲಿ ಎರಡು ಅರ್ಧ ದಿಮ್ಮಿ ಇರುತ್ತವೆ. ಇವು ಬಾಗಲು ಜಾಗವಿದೆ, ಹಾಗಾಗಿ ಸೀಳುವ ಒತ್ತಡ ಬಹಳ ಇಳಿಯುತ್ತದೆ.

ಮರದ ಮಗ್ಗುಲಿಗಿಂತ ಕೊಯ್ದ ತುದಿಯಿಂದ ನೀರು ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ, ಕೊಳವೆಗಳ ಬಾಯಿ ತೆರೆಯುವುದು ಅಲ್ಲಿ ತಾನೇ. ಆ ಬಾಯಿಗಳನ್ನು ಕೊಯ್ದ ದಿನವೇ ಮುಚ್ಚಬೇಕು. ನಾಳೆ ಮಾಡೋಣ ಅಂದರೆ ನಾಳೆಗೆ ಕೂದಲೆಳೆ ಬಿರುಕು ಬಂದಿರುತ್ತದೆ, ಆಮೇಲೆ ಬಳಿದದ್ದು ವ್ಯರ್ಥ. ಮೇಣದ ಬತ್ತಿಯ ಮೇಣ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಉರಿಯ ಮೇಲಿಟ್ಟರೆ ಹೊತ್ತಿಕೊಳ್ಳುವ ಅಪಾಯ ಇದೆ. ಕರಗಿದ ಮೇಣವನ್ನು ಬ್ರಷ್‌ನಲ್ಲಿ ದಪ್ಪಗೆ ಬಳಿಯಿರಿ, ತುದಿಯಿಂದ ಮಗ್ಗುಲಿಗೂ ಒಂದಿಂಚು ಬರಲಿ. ಮೇಣ ಬೇಡವೆಂದರೆ ಫೆವಿಕಾಲ್ ಅನ್ನು ನೀರು ಬೆರೆಸದೆ ಎರಡು ಸಲ, ಇಲ್ಲವೇ ಮನೆಯಲ್ಲಿ ಉಳಿದ ಎಣ್ಣೆ ಬಣ್ಣ ಎರಡು ಸಲ. ತುದಿ ಬಿಟ್ಟು ಮೈಗೆಲ್ಲ ಬಳಿಯಬೇಡಿ, ನೀರು ಹೊರಗೆ ಹೋಗಲು ದಾರಿ ಬೇಕು. ತೊಗಟೆಯನ್ನು ಮಾತ್ರ ತೆಗೆದುಬಿಡಿ, ಹುಳು ಮನೆ ಮಾಡುವುದು ಅದರಡಿಯಲ್ಲೇ.

ಇಷ್ಟರ ಮೇಲೆ ಅರ್ಧ ದಿಮ್ಮಿಯನ್ನು ವರ್ಷಗಟ್ಟಲೆ ಮೂಲೆಯಲ್ಲಿಟ್ಟು ಕಾಯಬಹುದು. ನಾನಾದರೆ ಕಾಯುವುದಿಲ್ಲ. ಬಟ್ಟಲು ಬೇಕಿದ್ದರೆ ಹಸಿ ಇರುವಾಗಲೇ ಅರ್ಧ ಕೆಲಸ ಮುಗಿಸಿ. ಹಸಿ ಮರ ಕಡೆಯುವುದು ಸುಖ. ಉಳಿ ತಾಗಿದರೆ ತೆಂಗಿನ ತುರಿಯ ಹಾಗೆ ಉದ್ದುದ್ದ ಎಳೆ ಹಾರುತ್ತದೆ, ಧೂಳಿಲ್ಲ, ಮುಂಗೈ ಮೇಲೆ ನೀರಿನ ಹನಿ ಸಿಡಿಯುತ್ತದೆ. ಬಟ್ಟಲಿನ ಆಕಾರಕ್ಕೆ ತಂದು, ಗೋಡೆಯನ್ನು ಅಗಲದ ಹತ್ತನೆಯ ಒಂದರಷ್ಟು ದಪ್ಪ ಬಿಡಿ. ಹತ್ತು ಇಂಚು ಅಗಲಕ್ಕೆ ಒಂದು ಇಂಚು ಗೋಡೆ. ಗೋಡೆಯೂ ತಳವೂ ಒಂದೇ ದಪ್ಪ ಇರಲಿ, ತಳ ದಪ್ಪ ಉಳಿದರೆ ಸೀಳು ಅಲ್ಲೇ ಹುಟ್ಟುತ್ತದೆ. ಲೇತ್‌ನಲ್ಲಿ ಮರವನ್ನು ಹಿಡಿಯುವ ಚಕ್ ಕಚ್ಚುವ ಬುಡವನ್ನು ಸ್ವಲ್ಪ ದೊಡ್ಡದಾಗಿಯೇ ಬಿಡಿ, ಅದೂ ಮೊಟ್ಟೆಯಾಕಾರಕ್ಕೆ ತಿರುಗುವುದರಿಂದ ಒಣಗಿದ ಮೇಲೆ ಕೊನೆಯ ರೂಪಕ್ಕೆ ಎರಡನೆಯ ಸಲ ಕಡೆಯುವ ಮುಂಚೆ ಸರಿಮಾಡಿಕೊಳ್ಳಬೇಕಾಗುತ್ತದೆ. ಈಗ ಅದು ಅಡಿ ದಪ್ಪದ ದಿಮ್ಮಿಯಾಗಿ ಉಳಿದಿಲ್ಲ, ಒಂದಿಂಚಿನ ಚಿಪ್ಪು. ಒಳಗೂ ಹೊರಗೂ ಜೊತೆಯಾಗಿ ಒಣಗುತ್ತವೆ, ಕುಗ್ಗುವಾಗ ಸೀಳುವ ಬದಲು ಸೊಟ್ಟಗಾಗುತ್ತದೆ. ಹತ್ತಿಂಚಿನ ಬಟ್ಟಲು ಮರದ ಎಳೆಯ ಅಡ್ಡಕ್ಕೆ ನಾಲ್ಕೈದು ಮಿಲಿಮೀಟರ್ ಕಿರಿದಾಗಬಹುದು, ಆ ಸೊಟ್ಟವನ್ನು ತೆಗೆಯಲೆಂದೇ ದಪ್ಪ ಬಿಟ್ಟಿರುವುದು.

ಕಡೆದ ಚಿಪ್ಪಿನ ಅಂಚಿಗೂ ಹೊರಮೈಗೂ ಮೇಣ ಬಳಿದು ಒಳಮೈ ಬಿಡುವವರಿದ್ದಾರೆ. ನಾನು ಅದನ್ನು ದಿನಪತ್ರಿಕೆಯ ಎರಡು ಪದರದಲ್ಲಿ ಸುತ್ತಿ ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚುತ್ತೇನೆ. ಕಾಗದ ನೀರನ್ನು ಹೀರಿ ನಿಧಾನಕ್ಕೆ ಹೊರಬಿಡುತ್ತದೆ. ಮೊದಲ ಎರಡು ವಾರ ಮೂರು ದಿನಕ್ಕೊಮ್ಮೆ ಪತ್ರಿಕೆ ಬದಲಾಯಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಒಂದು ಮಳೆಗಾಲ ಆರು ಹಲಸಿನ ಬಟ್ಟಲುಗಳನ್ನು ನಾನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಊರಿಗೆ ಹೋಗಿ, ಮೂರು ವಾರ ಬಿಟ್ಟು ಬಂದು ಬಿಚ್ಚಿದರೆ ಹಳದಿ ಮರವೆಲ್ಲ ಕಪ್ಪು ಹಸಿರು. ಕಲೆ ಒಳಗಿನವರೆಗೂ ಇಳಿದಿತ್ತು, ಆರನ್ನೂ ಒಲೆಗೆ ಹಾಕಿದೆ.

ಬಟ್ಟಲಿನ ತಳದಲ್ಲಿ ಪೆನ್ಸಿಲ್‌ನಿಂದ ತಾರೀಖು ಮತ್ತು ತೂಕ ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನನ್ನ ಒಂದು ಮಳೆಮರದ ಬಟ್ಟಲಿನ ತಳದಲ್ಲಿ ಬರೆದದ್ದು ಹೀಗಿತ್ತು: ಜೂನ್ 12ಕ್ಕೆ 1,480 ಗ್ರಾಂ, 19ಕ್ಕೆ 1,300, ಜುಲೈ 3ಕ್ಕೆ 1,135, ಜುಲೈ 31ಕ್ಕೆ 1,010, ಆಗಸ್ಟ್ 28ಕ್ಕೆ 962, ಸೆಪ್ಟೆಂಬರ್ 11ಕ್ಕೆ 958, 25ಕ್ಕೆ 957. ಎರಡು ವಾರಕ್ಕೆ ಒಂದು ಗ್ರಾಂ ಅಂದರೆ ನಿಂತಿತು ಅಂತ ಅರ್ಥ. ಆದರೆ ಇಲ್ಲೇ ಹೆಚ್ಚಿನವರು ಎಡವುವುದು. ಅದು ನಿಂತಿದ್ದು ಮಳೆಗಾಲದ ಗಾಳಿಗೆ ಸಮನಾಗಿ. ಅದೇ ಬಟ್ಟಲು ಜನವರಿ ಕೊನೆಗೆ 912 ಗ್ರಾಂ ಆಯಿತು. ಸೆಪ್ಟೆಂಬರ್‌ನಲ್ಲೇ ಕೊನೆಯ ರೂಪ ಕೊಟ್ಟಿದ್ದರೆ ಬೇಸಿಗೆಯಲ್ಲಿ ಮತ್ತೆ ಸೊಟ್ಟಗಾಗುತ್ತಿತ್ತು. ಬರಿಯ ಬಟ್ಟಲಾದರೆ ಅಷ್ಟು ಸೊಟ್ಟ ಕಣ್ಣಿಗೆ ಹೊಡೆಯುವುದಿಲ್ಲ. ಮುಚ್ಚಳ ಇರುವ ವಸ್ತುವಾದರೆ ಹೊಡೆಯುತ್ತದೆ. ನೆಂಟರ ಮನೆಯ ಮದುವೆಗೆಂದು ಆಗಸ್ಟ್‌ನಲ್ಲಿ ಒಂದು ಕುಂಕುಮದ ಭರಣಿ ಮಾಡಿಕೊಟ್ಟಿದ್ದೆ, ಮುಚ್ಚಳ ಹಿತವಾಗಿ ಕೂರುತ್ತಿತ್ತು. ಯುಗಾದಿಯ ಹೊತ್ತಿಗೆ ಅದು ಭರಣಿಯ ಬಾಯನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಎರಡೂ ಮೊಟ್ಟೆಯಾಕಾರವಾಗಿದ್ದವು, ಬೇರೆ ಬೇರೆ ದಿಕ್ಕಿಗೆ. ಆ ಮೇಲೆ ಮುಚ್ಚಳದ ವಸ್ತುಗಳಿಗೆ ಒಂದು ಪೂರ್ತಿ ಬೇಸಿಗೆ ಕಳೆದ ಮರವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಭರಣಿಯ ಎಳೆಗೂ ಮುಚ್ಚಳದ ಎಳೆಗೂ ಒಂದೇ ದಿಕ್ಕು ಬರುವಂತೆ ಒಂದೇ ತುಂಡಿನಿಂದ ಕಡೆಯುತ್ತೇನೆ.

ನಿಮ್ಮ ಮಾವಿನ ಮರಕ್ಕೆ ಬೇರೆ ಕಾಯಿಲೆ. ಅದು ಸುಲಭವಾಗಿ ಒಣಗುತ್ತದೆ, ಆದರೆ ಬೇಗ ಕಲೆ ಹಿಡಿಯುತ್ತದೆ ಮತ್ತು ಕೊರೆಯುವ ಹುಳುವಿಗೆ ಬಲು ಇಷ್ಟ. ನಾಲ್ಕೈದು ತಿಂಗಳಲ್ಲಿ ನೆಲದ ಮೇಲೆ ರಾಗಿಹಿಟ್ಟಿನಷ್ಟು ನಯವಾದ ಪುಡಿಯೂ ಮರದ ಮೇಲೆ ಗುಂಡುಸೂಜಿ ತಲೆಯಷ್ಟು ತೂತೂ ಕಂಡರೆ ಹುಳು ಆಗಲೇ ಒಳಗಿದೆ. ಅದು ತಿನ್ನುವುದು ಮರದ ಬಿಳಿ ಭಾಗದಲ್ಲಿರುವ ಪಿಷ್ಟವನ್ನು. ಹಿಂದೆ ದಿಮ್ಮಿಗಳನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದುದರಿಂದ ಆ ಪಿಷ್ಟ ನೀರಿಗೆ ಬಿಟ್ಟು ಹೋಗುತ್ತಿತ್ತು. ಮನೆಯಲ್ಲಿ ಡ್ರಮ್ ಇದ್ದರೆ ಚಿಕ್ಕ ತುಂಡುಗಳಿಗೆ ಅದನ್ನೇ ಮಾಡಬಹುದು, ವಾರಕ್ಕೊಮ್ಮೆ ನೀರು ಬದಲಾಯಿಸದಿದ್ದರೆ ಮಾತ್ರ ನೆರೆಮನೆಯವರು ಬಾಗಿಲು ತಟ್ಟುವಷ್ಟು ವಾಸನೆ.

ಊಟ ತಿಂಡಿಗೆ ಬಳಸುವ ಬಟ್ಟಲಾದರೆ ನಾನು ಒರಟಾಗಿ ಕಡೆದ ಚಿಪ್ಪನ್ನು ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಕುದಿಸುತ್ತೇನೆ, ಒಂದಿಂಚು ದಪ್ಪಕ್ಕೆ ಒಂದು ಗಂಟೆ. ಹುಳು, ಮೊಟ್ಟೆ ಎರಡೂ ಸಾಯುತ್ತವೆ, ಮರದ ಒಳಗಿನ ಬಿಗಿತವೂ ಸಡಿಲಗೊಂಡು ಒಣಗುವಾಗ ಸೀಳುವುದು ಕಡಿಮೆಯಾಗುತ್ತದೆ. ಬಣ್ಣ ಸ್ವಲ್ಪ ಮಂಕಾಗುವುದನ್ನು ಒಪ್ಪಿಕೊಳ್ಳಬೇಕು. ಬರಿಯ ಅಲಂಕಾರದ ಕೆತ್ತನೆಗಾದರೆ ಬಿಳಿಗಾರವೂ ಬೋರಿಕ್ ಆಸಿಡ್ಡೂ ಸೇರಿದ ನೀರು ಒಳ್ಳೆಯದು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್, ಕೇರಂ ಬೋರ್ಡಿಗೆ ಹಾಕುವ ಪುಡಿ ಹೆಚ್ಚಾಗಿ ಇದೇ. ಹಸಿ ಮರಕ್ಕೆ ಎರಡು ಮೂರು ಸಲ ದಂಡಿಯಾಗಿ ಬಳಿಯಿರಿ. ಮರದ ನೀರೇ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೈಗವಸು ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಇದನ್ನು ಬಳಿದ ಮರದಿಂದ ಸೌಟು, ಬಟ್ಟಲು, ಮಗುವಿನ ಆಟಿಕೆ ಮಾಡಬೇಡಿ. ಕೆಲಸ ಮುಗಿದು ಎಣ್ಣೆಯೋ ಅರಗೋ ಹಚ್ಚಿದ ಮೇಲೆ ಮರದ ರಂಧ್ರ ಮುಚ್ಚುವುದರಿಂದ ಹುಳುವಿಗೆ ಮೊಟ್ಟೆಯಿಡಲು ಜಾಗ ಸಿಗುವುದಿಲ್ಲ.

ಕೆತ್ತನೆಯಲ್ಲಿ ಸೌಟು, ಚಮಚಗಳನ್ನು ಹಸಿಯಲ್ಲೇ ಮುಗಿಸಿಬಿಡಿ. ತೆಳ್ಳಗಿರುವುದರಿಂದ ಕಾಗದದಲ್ಲಿ ಸುತ್ತಿಟ್ಟರೆ ಒಂದೆರಡು ವಾರಕ್ಕೆ ಒಣಗುತ್ತವೆ. ಮಧ್ಯೆ ಬಿಡಬೇಕಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ನಾಲ್ಕು ದಿನ ಹಸಿಯಾಗೇ ಇರುತ್ತದೆ. ಮೂರ್ತಿಯಂಥ ದಪ್ಪ ಕೆಲಸಕ್ಕೆ ಉಪಾಯ ಬಟ್ಟಲಿನದೇ: ಒಳಗಿನ ಮರ ಕಡಿಮೆ ಮಾಡುವುದು. ಹೊರಗಿನ ಆಕಾರ ಒರಟಾಗಿ ಬಂದ ಮೇಲೆ ತಳದಿಂದಲೋ ಹಿಂಬದಿಯಿಂದಲೋ ತಿರುಳಿನ ಭಾಗವನ್ನು ಉಳಿಯಿಂದ ತೋಡಿ, ಒಂದೂವರೆ ಇಂಚಿನ ಗೋಡೆ ಬಿಟ್ಟು ಒಣಗಲು ಇಡಿ. ಹಣೆ, ಮೂಗು, ಬೆರಳುಗಳನ್ನು ಒಣಗಿದ ಮೇಲೆ ಬಿಡಿಸಿ. ಉಬ್ಬುಕೆತ್ತನೆಯ ಹಲಗೆಗಾದರೆ ಸಾಮಿಲ್‌ನಲ್ಲೇ ಒಂದೂಕಾಲು ಇಂಚಿಗೆ ಹಲಗೆ ಕೊಯ್ಸಿ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಒಂದೇ ದಪ್ಪದ ಒಣ ರೀಪು ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಇಟ್ಟು ಹಲಗೆ ಜೋಡಿಸಿ. ಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಬರಬೇಕು, ಮೇಲೆ ನಾಲ್ಕು ಸಿಮೆಂಟ್ ಇಟ್ಟಿಗೆಯ ಭಾರ ಇಡಬೇಕು. ಗೋಡೆಗೆ ಒತ್ತಿಸಿಡಬೇಡಿ, ಗೆದ್ದಲು ದಾರಿ ಮಾಡಿಕೊಳ್ಳುವುದು ಅಲ್ಲಿಂದಲೇ.

ಎಷ್ಟು ಕಾಲ ಅಂತ ಕೇಳಿದ್ದೀರಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಲೆಕ್ಕ ಚಳಿದೇಶಗಳಿಂದ ಬಂದದ್ದು. ಇಲ್ಲಿ ನನ್ನ ಅನುಭವದಲ್ಲಿ ಇಂಚು ದಪ್ಪದ ಹಗುರ ಮರ ನಾಲ್ಕೈದು ತಿಂಗಳಿಗೆ ಕೆಲಸಕ್ಕೆ ಬರುತ್ತದೆ, ನಾಲ್ಕು ಇಂಚಿನ ತುಂಡಿಗೆ ಎರಡು ಬೇಸಿಗೆ ಬೇಕು. ಆದರೆ ತಿಂಗಳ ಲೆಕ್ಕಕ್ಕಿಂತ ತಕ್ಕಡಿಯ ಮಾತು ನಂಬಿ.

ಮೀಟರ್ ಈಗಲೇ ಬೇಡ. ಎರಡು ಮುಳ್ಳು ಚುಚ್ಚಿ ಅಳೆಯುವ ಅಗ್ಗದ ಮೀಟರ್ ಹೊರಗಿನ ಕೆಲವು ಮಿಲಿಮೀಟರ್‌ನ ತೇವವನ್ನಷ್ಟೇ ಹೇಳುತ್ತದೆ, ಅದೂ ಶೇ. 30ರ ಮೇಲೆ ಅದರ ಅಂಕಿಗೆ ಬೆಲೆಯಿಲ್ಲ. ನಾನು ಒಮ್ಮೆ ಒಂದು ಮಿಲ್‌ನಿಂದ ಪೂರ್ತಿ ಒಣಗಿದ್ದು ಅಂತ ಹೇಳಿ ಕೊಟ್ಟ ಮೂರಿಂಚಿನ ಶಿವನೆ ಮರದ ತುಂಡು ತಂದೆ. ಮೀಟರ್ ಮೇಲ್ಮೈಯಲ್ಲಿ 11 ತೋರಿಸಿತ್ತು. ಮನೆಗೆ ಬಂದು ನಡುವೆ ಕೊಯ್ದ ಹೊಸ ಮುಖಕ್ಕೆ ಚುಚ್ಚಿದರೆ 24. ಆ ರಾತ್ರಿ ಕೋಣೆಯಿಂದ ಟಕ್ ಅಂತ ಒಂದು ಸದ್ದು, ಬೆಳಿಗ್ಗೆ ನೋಡಿದರೆ ಕೊಯ್ದ ತುದಿಯಿಂದ ಗೇಣುದ್ದದ ಸೀಳು. ಅಳೆಯುವುದಿದ್ದರೆ ಒಳಗಿನ ಹೊಸ ಮುಖದಲ್ಲಿ ಅಳೆಯಿರಿ.

ನಿಖರವಾದ ಅಂಕಿ ಬೇಕಿದ್ದರೆ ನಿಮ್ಮ ಓವನ್‌ನಿಂದ ಅದನ್ನು ಪಡೆಯಬಹುದು. ಮರದ ನಡುಭಾಗದಿಂದ, ತುದಿಯಿಂದ ಅಲ್ಲ, ಅರ್ಧ ಇಂಚಿನ ಒಂದು ಬಿಲ್ಲೆ ಕೊಯ್ದು ತಕ್ಷಣ ತೂಗಿ. ಓವನ್ನನ್ನು 103 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಪ್ರಯೋಗಾಲಯದಲ್ಲಿ 24 ಗಂಟೆ ಇಡುತ್ತಾರೆ, ತೆಳು ಬಿಲ್ಲೆಗೆ ಇನ್ನೂ ಬೇಗ ಆಗುತ್ತದೆ. 84 ಗ್ರಾಂ ಇದ್ದದ್ದು 56ಕ್ಕೆ ನಿಂತಿತು ಅನ್ನಿ. ಹೋದ ನೀರು 28 ಗ್ರಾಂ, ಅದನ್ನು ಒಣ ತೂಕ 56ರಿಂದ ಭಾಗಿಸಿದರೆ ತೇವಾಂಶ ಶೇ. 50. ಕೆಲಸದ ತುಂಡನ್ನೇ ಓವನ್‌ನಲ್ಲಿ ಒಣಗಿಸುವುದು ಮಾತ್ರ ತಾರಸಿಯ ಬಿಸಿಲಿನ ತಪ್ಪನ್ನೇ ಇನ್ನೂ ಜೋರಾಗಿ ಮಾಡಿದಂತೆ. ಹೊರಮೈ ಒಣಗಿ ಗಟ್ಟಿಯಾಗಿ, ಆಮೇಲೆ ಒಳಗು ಕುಗ್ಗುವಾಗ ಹೊರಗೆ ಕಾಣದ ಬಿರುಕುಗಳು ಹೊಟ್ಟೆಯಲ್ಲೇ ಬಿಡುತ್ತವೆ. ಚಮಚದಷ್ಟು ತೆಳ್ಳಗಿನದನ್ನು ಮೈಕ್ರೋವೇವ್‌ನಲ್ಲಿ ಅತಿ ಕಡಿಮೆ ಶಕ್ತಿಯಲ್ಲಿ ಒಂದು ನಿಮಿಷ ಇಟ್ಟು, ತಣಿಸಿ, ತೂಗಿ, ಮತ್ತೆ ಒಂದು ನಿಮಿಷ ಹೀಗೆ ಒಣಗಿಸಬಹುದು. ಅವಸರಪಟ್ಟರೆ ಒಳಗೇ ಸುಟ್ಟು ಹೊಗೆ ಬರುತ್ತದೆ, ಪಕ್ಕದಿಂದ ಕದಲಬೇಡಿ.

ಮಳೆಗಾಲದಲ್ಲೇ ಕೆಲಸ ಮುಗಿಸಬೇಕಾದ ಒತ್ತಡ ಬಂದರೆ ಒಂದು ದಾರಿ ಇದೆ. ಗುಜರಿಯಲ್ಲಿ ಕೆಟ್ಟ ಫ್ರಿಜ್ ಸಿಗುತ್ತದೆ. ಕೆಳಗೂ ಮೇಲೂ ನಾಲ್ಕು ನಾಲ್ಕು ತೂತು ಕೊರೆದು, ತಳದಲ್ಲಿ 40 ವ್ಯಾಟ್‌ನ ಹಳೆಯ ಮಾದರಿಯ ಬಲ್ಬ್ ಉರಿಸಿ, ಜಾಲರಿಯ ಮೇಲೆ ಬಟ್ಟಲುಗಳನ್ನಿಡಿ. ಎಲ್ಇಡಿ ಬಲ್ಬ್ ಬೇಕಾದಷ್ಟು ಬಿಸಿ ಕೊಡುವುದಿಲ್ಲ. ತೂಕ ಮಳೆಗಾಲದ ಗಾಳಿಗೆ ನಿಂತ ಮೇಲೆ ಮಾತ್ರ ಇದರೊಳಗೆ ಇಡಬೇಕು, ಹಸಿಯಾಗಿದ್ದಾಗ ಇಟ್ಟರೆ ಸೀಳುತ್ತದೆ. ಬಲ್ಬಿಗೂ ಮರಕ್ಕೂ ಒಂದಡಿ ಅಂತರ ಇರಲಿ, ಮರದ ಚೂರು ತಳದಲ್ಲಿ ಬೀಳದಂತೆ ನೋಡಿ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ.

ಮುಂದೆ ಬೇರೆ ಮರ ಸಿಕ್ಕಾಗ ನೆನಪಿರಲಿ. ಚನ್ನಪಟ್ಟಣದ ಬೊಂಬೆಗಳ ಹಾಲೆ ಮರ ನಯ, ಬಿಳಿ, ಕಡೆಯಲು ಬೆಣ್ಣೆ. ಕಲೆ ಬೀಳದಿರಲು ಬೇಗ ತೊಗಟೆ ತೆಗೆದು ನೆರಳಿನಲ್ಲಿ ಗಾಳಿಗಿಡಬೇಕು. ವೀಣೆಗೂ ಮೃದಂಗಕ್ಕೂ ಆಗುವ ಹಲಸು ತಾಳ್ಮೆ ಇದ್ದರೆ ಕೈಬಿಡುವುದಿಲ್ಲ, ಹಳದಿ ಬಣ್ಣ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸಿಲ್ವರ್ ಓಕ್ ಸುಲಭ, ಆದರೆ ಕೆಲವರಿಗೆ ಅದರಿಂದ ಮೈ ತುರಿಸುತ್ತದೆ. ಹೊಂಗೆಯನ್ನು ಹುಳು ಬಿಡುವುದಿಲ್ಲ. ನೀಲಗಿರಿಯನ್ನು ಹೊಸಬರು ಮುಟ್ಟದಿರುವುದೇ ಲೇಸು, ಸೀಳುವುದು ಸಾಲದೆಂದು ಒಳಗಿನ ಕೋಶಗಳೇ ಕುಸಿದು ಮೈ ಸುಕ್ಕುಗಟ್ಟುತ್ತದೆ. ಸಿಕ್ಕಿದ್ದು ಯಾವ ಮರ ಅಂತ ಗೊತ್ತಾಗದಿದ್ದರೆ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ನೋಡಿ ಗುರುತಿಸುವವರಿದ್ದಾರೆ. ಗಂಧ, ಬೀಟೆ ಎಲ್ಲೇ ಬಿದ್ದಿರಲಿ, ಅರಣ್ಯ ಇಲಾಖೆಯ ಕಾಗದವಿಲ್ಲದೆ ಮನೆಗೆ ತರಬೇಡಿ. ಹಾಗೆಯೇ ಕೆಲವು ಜಾತಿಗಳನ್ನು ಬಿಟ್ಟರೆ ನಮ್ಮ ಕಾಂಪೌಂಡಿನ ಮರ ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು.

ಈ ವಾರದ ಕೆಲಸ ಇಷ್ಟು: ತುದಿ ಕೊಯ್ದು ಬಿಲ್ಲೆ ಬಾಗಿಸಿ ನೋಡುವುದು, ತಿರುಳು ತೆಗೆಸುವುದು, ಅದೇ ಸಂಜೆ ಮೇಣ ಬಳಿಯುವುದು. ಸಾಧ್ಯವಾದರೆ ಭಾನುವಾರ ಒಂದು ಅರ್ಧ ದಿಮ್ಮಿಯನ್ನಾದರೂ ಲೇತ್‌ಗೆ ಏರಿಸಿ ಒರಟು ಚಿಪ್ಪು ಮಾಡಿ, ತಳದಲ್ಲಿ ಮೊದಲ ತೂಕ ಬರೆದಿಡಿ. ಸೆಪ್ಟೆಂಬರ್ ಕೊನೆಯಲ್ಲಿ ಆ ಅಂಕಿಗಳನ್ನು ನನಗೆ ಕಳುಹಿಸಿ. ಎರಡನೆಯ ಸಲ ಯಾವಾಗ ಕಡೆಯಬೇಕು ಅಂತ ನೋಡಿ ಹೇಳುತ್ತೇನೆ.